ಮೆಥನಾಲ್‌ನಿಂದ ಹೈಡ್ರೋಜನ್: ತಾಮ್ರದ ವೇಗವರ್ಧಕ ಸೊರಗಿದ್ದೇಕೆ?

ಪ್ರಶ್ನೆ (ವಿದ್ಯಾರ್ಥಿನಿ, ಮೈಸೂರು):
ನಮಸ್ಕಾರ. ತಾಮ್ರ, ಸತುವಿನ ಆಕ್ಸೈಡ್ ಮತ್ತು ಅಲ್ಯುಮಿನಾ ಸೇರಿದ ವೇಗವರ್ಧಕದ ಮೇಲೆ ಮೆಥನಾಲ್ ಆವಿ ಹಾಗೂ ನೀರಾವಿಯನ್ನು ಹಾಯಿಸಿ ಹೈಡ್ರೋಜನ್ ಪಡೆಯುತ್ತಿದ್ದೇನೆ. 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿದ್ದ ಮೆಥನಾಲ್‌ನ ಪರಿವರ್ತನೆ, ಒಮ್ಮೆ 340ಕ್ಕೆ ಏರಿಸಿ ಇಳಿಸಿದ ಮೇಲೆ ಅರ್ಧಕ್ಕೆ ಕುಸಿದಿದೆ. ಅದನ್ನು ಸರಿಪಡಿಸಬಹುದೇ?

ಉತ್ತರ (ಅಧ್ಯಾಪಕ, ಮಂಡ್ಯ):
ಸರಿಪಡಿಸುವುದು ಕಷ್ಟ. ಸುಮಾರು 300 ಡಿಗ್ರಿ ಮೀರಿದರೆ, ಮಳೆಗಾಲದಲ್ಲಿ ನಮ್ಮ ಬೆಲ್ಲದ ಪುಡಿ ಉಂಡೆಗಟ್ಟುವ ಹಾಗೆ ತಾಮ್ರದ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ; ಆಗ ಕ್ರಿಯೆ ನಡೆಯಬೇಕಾದ ಮೇಲ್ಮೈಯೇ ಕುಗ್ಗಿಹೋಗುತ್ತದೆ. ವೇಗವರ್ಧಕದ ಹೊಸ ಗುಳಿಗೆಗಳನ್ನು ತುಂಬಿದಾಗ, ಸಾರಜನಕದಲ್ಲಿ ತೆಳುಗೊಳಿಸಿದ ಹೈಡ್ರೋಜನ್ ಹಾಯಿಸುತ್ತಾ ನಿಧಾನವಾಗಿ ಅಪಕರ್ಷಿಸಿ, ಅಂದರೆ ತಾಮ್ರದ ಆಕ್ಸೈಡನ್ನು ಲೋಹದ ತಾಮ್ರವಾಗಿಸಿ. ಆ ಕ್ರಿಯೆಯೇ ಶಾಖ ಬಿಡುವುದರಿಂದ ಅವಸರ ಮಾಡಿದರೆ ಮೊದಲ ದಿನವೇ ಹಾಳಾಗುತ್ತದೆ. ಕಪ್ಪು ಗುಳಿಗೆ ಕೆಂಗಂದು ಬಣ್ಣಕ್ಕೆ ತಿರುಗುವುದನ್ನು ಕಾಣುವಿರಿ. ಅದನ್ನು ಏಕಾಏಕಿ ಗಾಳಿಗೆ ಒಡ್ಡಲೇಬೇಡಿ, ಹೊತ್ತಿಕೊಳ್ಳಬಹುದು.

ಉತ್ತರ (ಸಂಶೋಧಕಿ, ಮೈಸೂರು):
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಉಷ್ಣತೆ ಏರಿದಂತೆ ಕಾರ್ಬನ್ ಮಾನಾಕ್ಸೈಡ್ ಕೂಡ ಹೆಚ್ಚುತ್ತದೆ. ಈ ಹೈಡ್ರೋಜನ್‌ನಿಂದ ವಿದ್ಯುತ್ ಪಡೆಯಲು ಕಡಿಮೆ ಉಷ್ಣತೆಯ ಇಂಧನಕೋಶ ಬಳಸುವುದಾದರೆ, ಅದರೊಳಗಿನ ಪ್ಲಾಟಿನಂ ವೇಗವರ್ಧಕಕ್ಕೆ ಅದು ವಿಷ. ಹೆಚ್ಚಿನ ಶಾಖ ಅನಿವಾರ್ಯವಾದರೆ ಸತುವಿನ ಆಕ್ಸೈಡ್ ಮೇಲೆ ಪಲ್ಲಾಡಿಯಂ ಲೋಹ ಕೂರಿಸಿದ ವೇಗವರ್ಧಕವನ್ನು ಪ್ರಯತ್ನಿಸಿ. ಅಲ್ಲಿ ರೂಪುಗೊಳ್ಳುವ ಪಲ್ಲಾಡಿಯಂ–ಸತು ಮಿಶ್ರಲೋಹ ತಾಮ್ರಕ್ಕಿಂತ ಹೆಚ್ಚು ಶಾಖ ತಾಳುತ್ತದೆ, ಆದರೆ ಬೆಲೆ ಬಹಳ ದುಬಾರಿ.