ಸಹಾಯ ಬೇಕು: ವೆಲೆನ್ಸಿಯಾದಲ್ಲಿ ಸಸ್ಯಾಹಾರಿ ಪಾಯೆಯ್ಯಾ

ಎಲ್ಲರಿಗೂ ನಮಸ್ಕಾರ. ಮಾರ್ಚ್ 15ರಿಂದ 19ರವರೆಗೆ ನಡೆಯುವ ಫಾಯಾಸ್ ಹಬ್ಬ ನೋಡಲು ಅಮ್ಮನನ್ನು ಕರೆದುಕೊಂಡು ಸ್ಪೇನಿನ ಕರಾವಳಿ ನಗರವಾದ ವೆಲೆನ್ಸಿಯಾಕ್ಕೆ ಹೋಗುತ್ತಿದ್ದೇನೆ. ಅಮ್ಮ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಆ ಊರಿನ ಹೆಸರಾಂತ ಅನ್ನದ ಖಾದ್ಯವಾದ ಪಾಯೆಯ್ಯಾಕ್ಕೆ ಕೋಳಿ ಮತ್ತು ಮೊಲದ ಮಾಂಸ ಹಾಕುವುದೇ ಸಂಪ್ರದಾಯ. ತರಕಾರಿಯದೂ ಸಿಗುತ್ತದೆ; ಆದರೆ ಅಕ್ಕಿ ಬೇಯಿಸುವ ರಸ ಕೋಳಿಯದೋ ಮೀನಿನದೋ ಆಗಿದ್ದರೆ ಎಂಬುದೇ ನನ್ನ ಆತಂಕ. ಹಿಂದೊಮ್ಮೆ ಬೇರೊಂದು ಊರಿನಲ್ಲಿ, ಅರ್ಧ ತಟ್ಟೆ ಮುಗಿದ ಮೇಲೆ ಅನ್ನದಡಿಯಲ್ಲಿ ಸೀಗಡಿಯ ಚೂರು ಕಂಡು ಚಮಚ ಕೆಳಗಿಟ್ಟ ಅಮ್ಮ ಆ ದಿನವಿಡೀ ಬಾಳೆಹಣ್ಣಿನಲ್ಲೇ ಕಳೆದರು.

ಆದ್ದರಿಂದ ತರಕಾರಿ ಬೇಯಿಸಿದ ನೀರಿನಲ್ಲೇ, ಪ್ರತ್ಯೇಕ ಬಾಣಲೆಯಲ್ಲಿ ಪಾಯೆಯ್ಯಾ ಮಾಡಿಕೊಡುವ ಹೋಟೆಲು ನಗರದಲ್ಲಾಗಲಿ, ಭತ್ತದ ಗದ್ದೆಗಳ ನಡುವಿನ ಅಲ್ಬುಫೆರಾ ಸರೋವರದ ಬಳಿಯ ಎಲ್ ಪಾಲ್ಮಾರ್‌ನಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿ ಅದು ಮಧ್ಯಾಹ್ನದ ಊಟವೆಂದು ಬಲ್ಲೆ. ಹಬ್ಬದ ಜನಸಂದಣಿಯಲ್ಲಿ ಎಷ್ಟು ದಿನ ಮೊದಲೇ ಹೇಳಿಡಬೇಕು? ತಳ ಹಿಡಿದು ಗರಿಗರಿಯಾದ ಸೊಕರ್ರಾಟ್ ಅಮ್ಮನಿಗೆ ಹಿಡಿಸುವುದು ಖಂಡಿತ, ಮನೆಯಲ್ಲೂ ಸೀಕಲು ಅನ್ನ ಅವರ ಪಾಲೇ.

ಕೊನ್ನಾರಿ ಗಡ್ಡೆಯ ಕುಲಕ್ಕೆ ಸೇರಿದ ಚೂಫಾದಿಂದ ತಯಾರಿಸುವ ಓರ್ಚಾತಾ ಪಾನೀಯದ ಬಗ್ಗೆ ಚಿಂತೆಯಿಲ್ಲ. ಅದರಲ್ಲಿ ಅದ್ದಿ ತಿನ್ನುವ ಫಾರ್ತೋನ್ ಬನ್ನು ಮೊಟ್ಟೆಯಿಲ್ಲದೆ ಎಲ್ಲಾದರೂ ಸಿಗುವುದೇ?