ಒಂದೇ ಥರದ ಸ್ಟಾಂಪು, ಒಂದಕ್ಕೆ 40 ರೂಪಾಯಿ ಇನ್ನೊಂದಕ್ಕೆ ಸಾವಿರಾರು, ಯಾಕ್ರೀ?

ಸಾಗರದ_ಮಾಣಿ:
ಅಜ್ಜನ ಟ್ರಂಕಲ್ಲಿ ಹಳೇ ಸ್ಟಾಂಪ್ ಆಲ್ಬಂ ಸಿಕ್ತು. ಅದರಲ್ಲಿ 1948ರ ಒಂದೂವರೆ ಆಣೆ ಗಾಂಧಿ ಸ್ಟಾಂಪ್ ಉಂಟು, ರೇಟ್ ನೋಡನ ಅಂತ ಆನ್‌ಲೈನ್ ಹರಾಜಲ್ಲಿ ಹುಡುಕಿದ್ರೆ ಅದೇ ಸ್ಟಾಂಪು ಒಂದ್ ಕಡೆ 40 ರೂಪಾಯಿ, ಇನ್ನೊಂದ್ ಕಡೆ 500ಕ್ಕೆ ಶುರುವಾಗಿದ್ದು ಆರು ಸಾವಿರ ದಾಟಿ ಹೋಗಿದೆ, ಫೋಟೋ ನೋಡಿದ್ರೆ ನಂಗೆ ಏನೂ ವ್ಯತ್ಯಾಸನೇ ಕಾಣ್ತಿಲ್ಲ. ಕಪ್ಪು ಹಣ ಗಿಪ್ಪು ಏನಾದ್ರೂ ನಡೀತಿದ್ಯಾ?

ಗೊರಬಲು:
ಯಾರೋ ಇಬ್ರಿಗೆ ದುಡ್ಡು ಜಾಸ್ತಿ ಆಗಿರ್ಬೇಕು ಮಾರಾಯ 😄

ಹಳೇ_ಲಕೋಟೆ:
ಮೇಲಿನವ್ರು ತಮಾಷೆಗೆ ಹೇಳಿದ್ರೂ ಅರ್ಧ ನಿಜನೇ. ಹರಾಜಿಗಿಟ್ಟ ಒಂದೇ ಮಾಲಿನ ಮೇಲೆ ಇಬ್ರು ಹಠಮಾರಿಗಳು ಕೂತ್ರೆ ಸಾಕು, ಮೂರನೆಯವನು ಬೇಡ, ರೇಟ್ ಎಲ್ಲಿಗ್ ಬೇಕಾದ್ರೂ ಹೋಗುತ್ತೆ. ಮುಂದಿನ ವಾರ ಅವರಲ್ಲಿ ಒಬ್ಬ ಬರ್ಲಿಲ್ಲ ಅಂದ್ರೆ ಅದೇ ಮಾಲು ನೆಲಕ್ಕೆ.

ಇನ್ನರ್ಧ ಮಂಡಿಗೆ ಹೋದವ್ರಿಗೆ ಹೇಳೋದೇ ಬೇಡ. ಒಂದೇ ತೋಟದ ಅಡಿಕೆ, ಮೇಲ್ದರ್ಜೆ ಸರಕಿನ ರೇಟು ಕೆಳದರ್ಜೆ ಗೊರಬಲಿಗೆ ಕೊಡ್ತಾರಾ? ಸ್ಟಾಂಪೂ ಅಷ್ಟೇ. ಚಿತ್ರ ನಾಲ್ಕೂ ಕಡೆ ಸಮ ಕೂತಿದೆಯಾ, ಅಂಚಿನ ಹಲ್ಲು ಮುರಿದಿದೆಯಾ, ಹಿಂದಿನ ಅಂಟು ಕಾರ್ಖಾನೆಯಿಂದ ಬಂದ ಹಾಗೇ ಇದೆಯಾ, ಯಾರಾದ್ರೂ ಆಲ್ಬಂಗೆ ಅಂಟಿಸಕ್ಕೆ ಹಿಂದೆ ಹಿಂಜ್ ಅನ್ನೋ ಸಣ್ಣ ಕಾಗದದ ಪಟ್ಟಿ ಹಚ್ಚಿದಾರಾ, ಇದೆಲ್ಲ ನೋಡ್ತಾರೆ. ನಮ್ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡೀದೆ, ಕಂದು ಚುಕ್ಕಿ ಬೀಳದೆ ಅಂಟು ಸಮೇತ ಉಳಿದ ಹಳೇ ಸ್ಟಾಂಪ್ ಎಷ್ಟು ಮನೇಲಿ ಇದ್ದೀತು ಹೇಳಿ. ಹಾಗಾಗಿ ಲಕ್ಷಗಟ್ಟಲೆ ಅಚ್ಚಾದ ಸ್ಟಾಂಪಲ್ಲೂ ಒಳ್ಳೇ ಪ್ರತಿ ಅನ್ನೋದು ಕಮ್ಮಿನೇ.

ಲಂಡನ್ನಿನ 1840ರ ಪೆನ್ನಿ ಬ್ಲ್ಯಾಕ್ ನೋಡಿ, ಜಗತ್ತಿನ ಮೊದಲ ಅಂಚೆಚೀಟಿ ಅಂತ ಎಲ್ರೂ ಅಪರೂಪ ಅಂದ್ಕೋತಾರೆ, ಅಚ್ಚಾಗಿದ್ದು ಸುಮಾರು 6.8 ಕೋಟಿ. ಮಾರ್ಜಿನ್, ಅಂದ್ರೆ ಚಿತ್ರದ ಸುತ್ತಲಿನ ಖಾಲಿ ಅಂಚು, ಕತ್ತರಿಸಿಹೋದ ಪ್ರತಿ ಬೇಕಾದಷ್ಟು ಸಿಗುತ್ತೆ, ನಾಲ್ಕೂ ಮಾರ್ಜಿನ್ ಇರೋದಕ್ಕೇ ದುಡ್ಡು. ಅದರ ತಮ್ಮ ಪೆನ್ನಿ ರೆಡ್ ಇನ್ನೂ ಮಜಾ, ರಾಶಿ ರಾಶಿ ಇದೆ, ಆದ್ರೆ ಎರಡೂ ಬದಿಯ ಚಿತ್ತಾರದಲ್ಲಿ ಭೂತಗನ್ನಡಿ ಹಿಡಿದ್ರೆ ಕಾಣೋ ಅಚ್ಚಿನ ಪ್ಲೇಟ್ ನಂಬರು 77 ಇದ್ರೆ ಕೋಟಿ ಮಾತು, ಆ ಪ್ಲೇಟನ್ನ ಸರಿಯಿಲ್ಲ ಅಂತ ತೆಗೆದುಹಾಕಿದ್ರು, ಹೊರಗೆ ಬಂದಿದ್ದು ಬೆರಳೆಣಿಕೆ.

ಶರಾವತಿ_ಆಚೆ:
ಸೀಲ್ ವಿಷ್ಯ ಬಿಟ್ರಲ್ಲ. ಎಷ್ಟೋ ಸಲ ಬೆಲೆ ಸ್ಟಾಂಪಿಗಲ್ಲ, ಅದರ ಮೇಲಿನ ಮೊಹರಿಗೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ಊರೂರೇ ಮುಳುಗ್ತಲ್ಲ, ಅಂಥಾ ಊರಿನ ಸೀಲು ತಾರೀಕು ಸಮೇತ ಸ್ಪಷ್ಟವಾಗಿ ಬಿದ್ದಿರೋ ಲಕೋಟೆ ಇದ್ರೆ ಮೇಲಿರೋ ಸ್ಟಾಂಪ್ ಎರಡು ಕಾಸಿನದ್ದಾದ್ರೂ ಪರವಾಗಿಲ್ಲ, ಸೀಲು ಹುಡುಕೋರು ಬಿಡಲ್ಲ. ಮಾಣಿ, ಅಜ್ಜನ ಕಾಗದ ಪತ್ರ ಇದ್ರೆ ದಯವಿಟ್ಟು ಸ್ಟಾಂಪ್ ಕೀಳಕ್ಕೆ ಹೋಗ್ಬೇಡಿ, ಲಕೋಟೆ ಸಮೇತ ಇಡಿ.

ಹಳೇ_ಲಕೋಟೆ:
ಹೌದು ಮರ್ತೇ ಹೋಗಿತ್ತು. ಇನ್ನೊಂದು, ಅದೇ ಗಾಂಧಿ ಸೆಟ್ಟಿನ 10 ರೂಪಾಯಿದು ಇದ್ರೆ ಕುಣಿಬೇಡಿ, ಅದರ ನಕಲಿ ಬಹಳ ಓಡಾಡ್ತಿವೆ. ತಿಳಿದವ್ರ ಹತ್ರ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಗೊಂಡ್ರೆ ಮಾತ್ರ ಯಾರಾದ್ರೂ ದುಡ್ಡು ಬಿಚ್ತಾರೆ.

ಸಾಗರದ_ಮಾಣಿ:
10 ರೂಪಾಯಿದು ಇಲ್ಲ. ಒಂದೂವರೆ ಆಣೆದು ತೆಗೆದು ಹಿಂದೆ ನೋಡ್ದೆ, ಅಂಟೂ ಇಲ್ಲ ಏನೂ ಇಲ್ಲ, ಗೋಂದು ಹಚ್ಚಿ ಅಂಟಿಸಿದಾರೆ 🤦 ಲಕೋಟೆ ಕತೆ ಕೇಳ್ಬೇಡಿ, ಆರನೇ ಕ್ಲಾಸಲ್ಲಿ ನಾನೇ ಒಂದು ಕಟ್ಟು ಕಾಗದ ಬಿಸಿನೀರಲ್ಲಿ ನೆನೆಸಿ ಸ್ಟಾಂಪ್ ಬಿಡಿಸಿದ್ದೆ, ಮಿಕ್ಕಿದ್ದನ್ನ ಅಜ್ಜಿ ಬಚ್ಚಲ ಒಲೆಗೆ ಹಾಕಿದ್ರು. ಅಜ್ಜನ ತವರೂರು ಅದೇ ಮುಳುಗಡೆ ಕಡೆದು.

ಗೊರಬಲು:
ಅಜ್ಜಂಗೂ ತವರೂರಾ ಮಾರಾಯ 😄