ಸಹಾಯ ಬೇಕು: ಗುರ್ಜಿ ಹಾಡು ಗೊತ್ತಿದ್ದವರು ಯಾರಾದ್ರೂ ಅದೀರೇನ್ರಿ?

ಎಲ್ಲರಿಗೂ ನಮಸ್ಕಾರ್ರೀ. ವಿಜಯಪುರದಾಗ ನಾವು ಐದು ಮಂದಿ ಡಿಗ್ರಿ ವಿದ್ಯಾರ್ಥಿಗಳು ಸೇರಿ ಎಂಟು ನಿಮಿಷದ ಕಿರುಚಿತ್ರ ಮಾಡಾಕತ್ತೀವಿ. ಗುರ್ಜಿ ಅಂದ್ರ ಮಳಿ ಬೇಡಕೊಂತ ಮಕ್ಕಳು ತಲಿ ಮ್ಯಾಲೆ ಹೊತ್ತು ಮನಿಮನಿಗೆ ಹಾಡಕೊಂತ ಹೋಗೋ ಸಗಣಿ ಗೊಂಬಿ. ಆ ಮಕ್ಕಳ ಹಾಡು, ಕನಸು, ಎರಡೂ ಕೂಡಿದ ಕಥಿ.

ಮಳಿ ಕೈಕೊಟ್ಟ ವರ್ಷ. ಮಾಳಗಿ ಮ್ಯಾಲೆ ಅಜ್ಜಿ ಮಗ್ಗಲಾಗ ಮಲಗಿದ ಹುಡುಗಿಗೆ ಕನಸು ಬೀಳತೈತಿ. ಗುರ್ಜಿ ಹೊತ್ತು ಮನಿಮನಿ ಮುಂದ ನಿಂತು ಹಾಡತಾಳ, ಆದ್ರ ಹಾಡಿನ ಕಡೀ ಸಾಲು ನೆನಪಾಗವಲ್ದು. ತಲಿ ಮ್ಯಾಲೆ ರೊಟ್ಟಿ ಹಂಚು, ಅದರಾಗ ಸಗಣಿ ಗುರ್ಜಿ, ಗುರ್ಜಿಗೆ ಚುಚ್ಚಿದ ಗರಿಕಿ. ಯಾರೋ ತಂಬಿಗಿ ನೀರು ಸುರೀತಾರ, ನೀರು ಆಕಿ ರೆಪ್ಪಿ ಮ್ಯಾಲಿಂದ ಹನಿಹನಿಯಾಗಿ ಇಳೀತೈತಿ. ಈ ಒಂದು ಶಾಟಿಗಾಗಿ ಇಷ್ಟೆಲ್ಲಾ ಓಡಾಟ!

ನಮಗ ಮೊದಲು ಬೇಕಾಗಿದ್ದು ಹಾಡು. ಊರಿಂದ ಊರಿಗೆ ಸಾಲು ಬದಲಾಗತಾವ. ನಿಮ್ಮ ಅವ್ವ, ಅಜ್ಜಿ, ಅತ್ತಿ ಹಾಡತಿದ್ರ ಫ್ಯಾನ್ ಬಂದ್ ಮಾಡಿ ಫೋನಿನ್ಯಾಗ ರೆಕಾರ್ಡ್ ಮಾಡಿ ಕಳಸ್ರಿ. ತಪ್ಪಿದ್ರೂ ನಡೀತೈತಿ, ನಡುವ ಮರತು ನಿಂತಿದ್ದಂತೂ ನಮಗ ಭಾಳ ಬೇಕು. ಅವರು ಒಪ್ಪಿದ್ರ ಹೆಸರು ಹಾಕತೀವಿ.

ಇನ್ನೊಂದು, ಗೋಳಗುಮ್ಮಟ. ಪಿಸುಮಾತಿನ ಗ್ಯಾಲರಿಯೊಳಗ ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗ ಅಂದಿದ್ದು ಎದುರಿನ ತುದಿಗೆ ಕೇಳತೈತಲ್ಲ, ಅದೇ ನಮ್ಮ ಕನಸಿನ ದನಿ. ಪುರಾತತ್ವ ಇಲಾಖೆ ಅನುಮತಿ ಇಲ್ಲದ ಅಲ್ಲಿ ಶೂಟಿಂಗ್ ಮಾಡಬಾರದು, ಗೊತ್ತೈತಿ. ಅರ್ಜಿ ಹಾಕಿ ಅನುಮತಿ ತಗೊಂಡವರು ಯಾರರ ಇದ್ರ ಏನೇನು ಕಾಗದ ಕೇಳಿದ್ರು, ಎಷ್ಟು ದಿನ ಹಿಡೀತು ಹೇಳ್ರಿ.

ನೀರಿನ ಶಾಟು ಅರ್ಧ ವೇಗಕ್ಕ ಇಳಿಸಾಕ ಸೆಕೆಂಡಿಗೆ 50 ಫ್ರೇಮ್ ತಗಿಯೋ ಕ್ಯಾಮೆರಾ ಎರಡು ದಿನಕ್ಕ ಯಾರರ ಕೊಟ್ರ ಜ್ವಾಪಾನ ಮಾಡಿ ವಾಪಸ್ ಮುಟ್ಟಸತೀವ್ರಿ.